ರಾಜನ ಹಿಂದೆ ಬಂಡೆ ಹತ್ತಿದ್ದು

ಮದುವೆಯಾದ ಹೊಸದರಲ್ಲಿ ಗಂಡಸಿಗೆ ಬರುವ ಧೈರ್ಯವನ್ನು ನಂಬಬಾರದು. ಅದು ಹೆಂಡತಿ ಎದುರಿಗಿದ್ದಾಗ ಬರುತ್ತದೆ, ಬೇಕಾದಾಗ ಇರುವುದಿಲ್ಲ. ನಾನು ಹಿರಿಯೂರಿನ ಬಯಲಲ್ಲಿ ಬೆಳೆದವನು. ಅಟ್ಟ ಹತ್ತುವಾಗಲೂ ಏಣಿ ಹಿಡಿಯಲು ಒಬ್ಬರು ಬೇಕಿತ್ತು. ಎಪ್ಪತ್ತರ ದಶಕದ ಮಾತು, ಚಿತ್ರದುರ್ಗದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಹೆಂಡತಿ ಗೌರಮ್ಮ ರಾಮಗಿರಿಯವಳು, ಬೆಟ್ಟದ ಬುಡದಲ್ಲೇ ಆಡಿ ಬೆಳೆದವಳು. ತವರಿನಿಂದ ಬರುವಾಗ ಪಾತ್ರೆಪಡಗದ ಜೊತೆಗೆ ರಾಜ ಎಂಬ ನಾಯಿಯನ್ನೂ ಕರೆತಂದಿದ್ದಳು.

ಒಂದು ಭಾನುವಾರ ಮೂವರೂ ಕೋಟೆಗೆ ಹೋದೆವು. ತುಪ್ಪದ ಕೊಳದ ಬಂಡೆ ಕಂಡಿದ್ದೇ ತಡ, ರಾಜ ಓಡಿ ತುದಿ ಸೇರಿದ. ಗೋಡೆಯಂತೆ ನಿಂತ ಆ ಬಂಡೆಯಲ್ಲಿ ಹತ್ತುವವರಿಗೆಂದು ಪಾದ ಊರುವಷ್ಟೇ ಗುಳಿಗಳನ್ನು ಕಡಿದಿದ್ದಾರೆ. ಅವನನ್ನು ಇಳಿಸಿ ತರಲು ನಾನು ಮುಂದಾದೆ. "ಬೂಟು ಬಿಚ್ರಿ, ಜಾರ್ತೈತೆ. ಇಲ್ಲಾಂದ್ರೆ ನಾನೇ ಹೋಗಿ ಕರ್ಕಂಬರ್ತೀನಿ" ಎಂದಳು ಗೌರಮ್ಮ. "ಹೆಂಗಸ್ರು ಹತ್ತೋ ಜಾಗ ಅಲ್ಲ ಇದು, ಇಲ್ಲೇ ಕುಂತಿರು" ಎಂದು ಬೂಟುಗಾಲಲ್ಲೇ ಹತ್ತಿದೆ. ಅರ್ಧ ಹತ್ತಿದ ಮೇಲೆ ಕೆಳಗೆ ನೋಡಿದೆ. ನೋಡಬಾರದಿತ್ತು. ಕಣ್ಣು ಮುಚ್ಚಿ ಬಂಡೆಯನ್ನೇ ತಬ್ಬಿಕೊಂಡೆ.

ಕೆಳಗಿನಿಂದ ಅವಳು "ರಾಜಾ, ಬಾರೋ!" ಎಂದಳು. ರಾಜ ನನ್ನ ಕಿವಿಯ ಪಕ್ಕದಲ್ಲೇ ದಡದಡ ಇಳಿದುಹೋದ. ಆಮೇಲೆ "ರೀ!" ಎಂದು ಕೂಗಿದಳು. ನಾನು ಅಲುಗಲಿಲ್ಲ. ಬಂಡೆಯ ಬುಡದಲ್ಲಿ ಮಂಡಕ್ಕಿ ತಿನ್ನುತ್ತಿದ್ದ ಗುಂಪಿನಿಂದ ಯಾರ್ಯಾರದೋ ಗಂಡಂದಿರು ಒಟ್ಟಿಗೇ "ಏನೇ?" ಎಂದದ್ದು ಕೇಳಿಸಿತು.

ಆ ಗುಂಪಿನ ಅಜ್ಜನೊಬ್ಬ, "ಹೆಸ್ರಿಡ್ದು ಕೂಗವ್ವ, ಅವರ್ಗೆ ದಿಕ್ಕು ತಪ್ಪೈತೆ" ಎಂದ.

"ಗಂಡನ ಹೆಸ್ರು ಹೇಳಿದ್ರೆ ಆಯುಸ್ಸು ಕಮ್ಮಿ ಆಗ್ತೈತಲ್ಲಜ್ಜ!"

"ಅಲ್ಲಿಂದ ಬಿದ್ರೆ ಜಾಸ್ತಿ ಆಗ್ತೈತೇನು?"

ಗೌರಮ್ಮ ಯೋಚನೆಗೆ ಬಿದ್ದಳೆಂದು ಕಾಣುತ್ತದೆ. ನನಗೋ ಬೆರಳು ಸೋಲುತ್ತಿದ್ದವು. ಬೇಗ ಹೇಳೇ ತಾಯಿ, ಒಂದೆರಡು ವರ್ಷ ಹೋದರೆ ಹೋಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ತಿಪ್ಪೇಸ್ವಾಮೀ! ಎಡಗಾಲು ಕೆಳಗಿಡ್ರೀ!"

ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಗಾಬರಿಯಿಂದ ಕಣ್ಣು ಬಿಟ್ಟೆ. ಶಾಲೆಯಲ್ಲಿ ಮೇಷ್ಟರು ಹಾಜರಿ ಕೂಗಿದಂತಾಗಿ ಎಡಗಾಲು ತಾನಾಗಿಯೇ ಕೆಳಗಿನ ಗುಳಿಗೆ ಇಳಿಯಿತು. "ತಿಪ್ಪೇಸ್ವಾಮೀ, ಬಲಗಾಲು!" ಹೀಗೆ ಹೆಸರಿಗೊಂದು ಹೆಜ್ಜೆಯಂತೆ ಇಳಿಸಿ ನೆಲ ಮುಟ್ಟಿಸಿದಳು. ಹೋದ ಜೀವ ಬಂದಂತಾಯಿತು. ಅವಳು ಅಳುತ್ತಲೇ ನಕ್ಕಳು, ನನ್ನನ್ನು ನೇರ ಏಕನಾಥೇಶ್ವರಿ ಗುಡಿಗೆ ಕರೆದೊಯ್ದು ತಪ್ಪುಕಾಣಿಕೆ ಹಾಕಿಸಿದಳು. "ಎಷ್ಟು ಸಲ ಕೂಗಿದ್ನೋ, ಅಮ್ಮನೇ ಲೆಕ್ಕ ಬಿಡ್ಲಿ" ಎಂದು ಕೈಮುಗಿದಳು.

ಮನೆಗೆ ಬಂದ ಮೇಲೆ ನಾನು ಮತ್ತೆ "ರೀ" ಆದೆ. ಆ ಹೆಸರನ್ನು ಅವಳ ಬಾಯಲ್ಲಿ ಇನ್ನೊಮ್ಮೆ ಕೇಳುವ ಆಸೆ ನನಗೆ. ಮುಂದಿನ ಭಾನುವಾರ, "ಬೆಟ್ಟಕ್ಕೆ ಹೋಗಾಣೇನು?" ಎಂದೆ.

"ನಾನೂ ರಾಜಾನೂ ಹೋಗ್ಬರ್ತೀವಿ. ನೀವು ಮನೆ ಕಡೆ ನೋಡ್ಕಳ್ರಿ."

ಬೇಜಾರಾದವನಂತೆ ಮುಖ ಊದಿಸಿಕೊಂಡು ನಿಂತೆ. ಅವರಿಬ್ಬರೂ ಬೀದಿಯ ತಿರುವು ದಾಟಿದರೆಂದು ಖಾತ್ರಿಯಾದ ಮೇಲೆ, ಬಾಗಿಲು ಹಾಕಿಕೊಂಡು ಕಾಲು ಚಾಚಿ ನೆಮ್ಮದಿಯಾಗಿ ಮಲಗಿದೆ.