ತಿಪ್ಪೇಶಪ್ಪ ಮೇಷ್ಟ್ರ ಟ್ಯಾಂಕು ಕೂಗಿದ್ದು

ಮೋಟಾರು ಹಾಕಿ ಪೇಪರು ಹಿಡಿದು ಕೂತರೆ ತಿಪ್ಪೇಶಪ್ಪ ಮೇಷ್ಟ್ರಿಗೆ ಲೋಕದ ಪರಿವೆಯೇ ಇರುತ್ತಿರಲಿಲ್ಲ. ಬೇಸಿಗೆ ರಜೆಯ ಆ ಬೆಳಿಗ್ಗೆಯೂ ಮಾಳಿಗೆಯ ಟ್ಯಾಂಕು ತುಂಬಿ ಹರಿದು, ಪಕ್ಕದಂಗಳದಲ್ಲಿ ಮನೆಯೊಡತಿ ಕೊಲ್ಲಾಪುರಮ್ಮ ಇಟ್ಟಿದ್ದ ಸಂಡಿಗೆ ಮೂರನೇ ಸಲ ಗಂಜಿಯಾಯಿತು.

“ಉಳಿದ ಹಿಟ್ಟಿನಾಗೆ ಮತ್ತೆ ಇಡ್ತೀನಿ. ಇನ್ನೊಂದು ಹನಿ ಬಿದ್ರೆ ಮನೆ ಖಾಲಿ ಮಾಡ್ರಿ ಮೇಷ್ಟ್ರೆ.”

ನ್ಯಾಮತಿಯಲ್ಲಿ ಮೋಟಾರು, ಮಾಳಿಗೆ ಎರಡೂ ಇರುವ ಬಾಡಿಗೆ ಮನೆ ಹುಡುಕುವುದೆಂದರೆ ಹುಲಿಯ ಹಾಲು ತಂದ ಹಾಗೆ. ಆದರೂ ವಿಜ್ಞಾನದ ಮೇಷ್ಟ್ರಲ್ಲವೇ, ಸೋಲೊಪ್ಪಲಿಲ್ಲ.

“ಟ್ಯಾಂಕಿನಾಗೆ ಎರಡು ತಂತಿ ಇಳಿಬಿಡ್ತೀನಿ. ನೀರು ಏರಿ ಎರಡನ್ನೂ ಮುಟ್ಟಿದ್ರೆ ಕರೆಂಟು ಹರಿದು ತಾನಾಗೇ ಕೂಗ್ತೈತೆ” ಎಂದು ಹೆಂಡತಿಗೆ ವಿವರಿಸಿದರು.

“ಏನು ಕೂಗ್ತೈತ್ರೀ?” ಎಂದು ಶಿವಗಂಗಮ್ಮ ಕೇಳುವಷ್ಟರಲ್ಲಿ ಅವರ ರೇಡಿಯೋದ ಹೊಟ್ಟೆ ಬಗೆದಾಗಿತ್ತು.

“ನನ್ನ ತವರಿನ ರೇಡಿಯೋನ ಕೊಂದ್ರಲ್ರೀ.”

“ಸತ್ತಿಲ್ಲ ಕಣೇ, ಕೆಲಸಕ್ಕೆ ಸೇರೈತೆ.”

ಪರೀಕ್ಷೆ ಮಾಡಬೇಕೆಂದರೆ ಟ್ಯಾಂಕು ಖಾಲಿಯಾಗಬೇಕಲ್ಲ. ಪಾಪ, ಶಿವಗಂಗಮ್ಮ ಮನೆಯ ಕಂಬಳಿಗಳನ್ನೆಲ್ಲ ಒಗೆದು ಹಾಕಿದರು.

ಹತ್ತೂವರೆಗೆ ತಂತಿಗಳನ್ನು ಚೊಂಬಿನ ನೀರಿಗೆ ಅದ್ದಿದರೆ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು ಬಂತು. ಕಿಟಕಿಯಲ್ಲಿ ಇಣುಕುತ್ತಿದ್ದ ಎದುರುಮನೆಯ ಮೈಕ್‌ಸೆಟ್ ರಂಗಣ್ಣ ನಕ್ಕ. “ಪೇಪರ್ ಹಿಡಿದ್ರೆ ನಿಮಗೆ ಗುಡುಗೂ ಕೇಳಾಕಿಲ್ಲ ಮೇಷ್ಟ್ರೆ. ತಡೀರಿ.” ಬೇಡವೆನ್ನುವುದರೊಳಗೆ ಮದುವೆಗಳಿಗೆ ಕೊಡುವ ತನ್ನ ಆಂಪ್ಲಿಫೈಯರ್ ತಂದು ಜೋಡಿಸಿ, ಮಾಳಿಗೆಯ ಮೇಲೆ ಹಾರನ್ ಕಟ್ಟಿಯೇಬಿಟ್ಟ.

ತಂತಿಗಳನ್ನು ಟ್ಯಾಂಕಿಗೆ ಇಳಿಬಿಟ್ಟು, ಮೋಟಾರು ಹಾಕಿ ಮೇಷ್ಟ್ರು ಪೇಪರು ಹಿಡಿದು ಕೂತರು. ಟ್ಯಾಂಕು ತುಂಬಿತು, ಕೂಗಿತು. ಆ ಕೂಗಿಗೆ ಬೀದಿಯ ನಾಯಿಗಳೆಲ್ಲ ಸವಳಂಗದ ದಾರಿ ಹಿಡಿದವು. ಅಕ್ಕಿ ಗಿರಣಿಯ ಹಮಾಲರು ಊಟದ ಸೈರನ್ ಎಂದುಕೊಂಡು, ಲಾರಿಗೆ ಏರಿಸುತ್ತಿದ್ದ ಮೂಟೆಗಳನ್ನು ನೆಲಕ್ಕಿಳಿಸಿ ಬುತ್ತಿ ಬಿಚ್ಚಿದರು. ಗಿರಣಿ ರೈಟರು ಗೋಣೆಪ್ಪ ಏದುಸಿರು ಬಿಡುತ್ತ ಓಡಿಬಂದ.

“ಹನ್ನೆರಡೂ ಹೊಡೆದಿಲ್ಲ. ನಮ್ಮ ಆಳುಗಳನ್ನ ಊಟಕ್ಕೆ ಬಿಡಾಕೆ ನೀವ್ಯಾರ್ರೀ?”

ಮೇಷ್ಟ್ರು ಅಷ್ಟರಲ್ಲಿ ಪೇಪರು ಎಸೆದು ಮೋಟಾರು ಆರಿಸಿ, ಅಂಗಳಕ್ಕೆ ಇಣುಕುತ್ತಿದ್ದರು. ಸಂಡಿಗೆಯ ಮೇಲೆ ಒಂದೇ ಒಂದು ಹನಿ ಬಿದ್ದಿರಲಿಲ್ಲ. ಸಂತೋಷ ತಡೆಯಲಾರದೆ, ಬೈಯುತ್ತಿದ್ದ ಗೋಣೆಪ್ಪನನ್ನೇ ತಬ್ಬಿಕೊಂಡರು.

ಸಂಜೆ ಕೊಲ್ಲಾಪುರಮ್ಮ ತಟ್ಟೆ ತುಂಬ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಹಿಡಿದುಕೊಂಡು ಬಂದರು.

“ಬೇಷ್ ಮೇಷ್ಟ್ರೆ. ನಿಮ್ಮಂಥ ಬುದ್ಧಿವಂತ್ರು ಈ ಊರಾಗೇ ಇಲ್ಲ.”

ಮೇಷ್ಟ್ರು ಹಿಗ್ಗಿ ಹೀರೇಕಾಯಿಯಾದರು. ಮನೆ ಉಳಿಯಿತು ಎಂದು ಹೆಂಡತಿಯತ್ತ ಕಣ್ಣಲ್ಲೇ ಹೇಳಿ ಮೆಣಸಿನಕಾಯಿಗೆ ಬಾಯಿ ಹಾಕಿದರು.

“ತ್ಯಾವಣಿಗೆಗೆ ಕೊಟ್ಟ ನನ್ನ ಮಗಳಿದ್ದಾಳಲ್ಲ, ಈ ಮನೇಗೆ ಬಂದಿರು ಅಂದ್ರೆ, ಆ ಟ್ಯಾಂಕ್ ಕಾಯೋರ್ಯಾರು ಅಂತ ನಾಲ್ಕು ವರ್ಷದಿಂದ ಒಲ್ಲೆ ಅಂತಿದ್ಲು. ಇವತ್ತು ಬಂದಾಕಿ ಕೂಗು ಕೇಳಿ ಒಪ್ಪಿಬಿಟ್ಲು ನೋಡ್ರಿ. ಬರೋ ತಿಂಗಳು ಗಂಡ, ಮಕ್ಕಳು ಎಲ್ಲಾ ಬರ್ತಾರೆ. ಅಷ್ಟ್ರಾಗೆ ಮನೆ ಖಾಲಿ ಮಾಡಿಕೊಡ್ರಿ.”

ಮೆಣಸಿನಕಾಯಿ ಮೇಷ್ಟ್ರ ಬಾಯಲ್ಲಿ ಅರ್ಧಕ್ಕೇ ನಿಂತಿತು.

ಬಾಗಿಲ ತನಕ ಹೋದ ಕೊಲ್ಲಾಪುರಮ್ಮ ತಿರುಗಿ ನಿಂತರು. “ಹೋಗುವಾಗ ಆ ಕೂಗೋ ಪೆಟ್ಟಿಗೆ ಮಾತ್ರ ಇಲ್ಲೇ ಬಿಟ್ಟು ಹೋಗ್ರಿ. ನಿಮಗೆ ಪುಣ್ಯ ಬರ್ತೈತೆ.”