ಅತ್ತೆ ಬರೆದ ಹಿಮದ ದೆವ್ವ

ನನ್ನ ಸೋದರತ್ತೆಯ ಕೈಗೆ ಸಿಕ್ಕರೆ ಎಂಥ ದೆವ್ವವೂ ಒಳ್ಳೆಯ ನಡತೆ ಕಲಿತುಬಿಡುತ್ತದೆ! ಬಸವೇಶ್ವರನಗರದಲ್ಲಿ ಕುಳಿತು ಅವರು ಹರೆಯದ ಮಕ್ಕಳಿಗೊಂದು ಭಯಾನಕ ಕಾದಂಬರಿ ಬರೆಯುತ್ತಿದ್ದಾರೆ. ಹಿಮದ ಕಾಡು, ಒಂಟಿ ಮನೆ, ಒಳಗೆ ಐದು ಮಕ್ಕಳು, ಹೊರಗೆ ದೆವ್ವ. ಹಿಮವೆಂದರೆ ಅತ್ತೆ ನೋಡಿರುವುದು ಫ್ರೀಜರಿನಲ್ಲಿ ಕಟ್ಟುವುದನ್ನು ಮಾತ್ರ. ಬೆರಳು ಹೇಗೆ ಮರಗಟ್ಟುತ್ತದೆಂದು ತಿಳಿಯಲು ಅದರೊಳಗೆ ಕೈಯಿಟ್ಟು ನಿಂತ ದಿನ ಮಾವನಿಗೆ ಬೆಳಗಿನ ಕಾಫಿ ಸಿಕ್ಕಿದ್ದು ಹತ್ತು ಗಂಟೆಗೆ!

ಟೈಪ್ ಮಾಡುವ ಕೆಲಸ ನನ್ನದು. ಮೂವತ್ತು ಪುಟ ಮುಗಿದರೂ ಮಕ್ಕಳು ಮಂಕಿ ಕ್ಯಾಪು, ಚಟ್ನಿಪುಡಿ, ಕೋಡುಬಳೆಗಳನ್ನು ಚೀಲಕ್ಕೆ ತುಂಬುತ್ತಲೇ ಇದ್ದರು.

"ಅತ್ತೆ, ದೆವ್ವ ಯಾವಾಗ ಬರುತ್ತೆ?"

"ಬರುತ್ತೆ ಬಿಡೋ. ಮೊದ್ಲು ಮಕ್ಕಳು ಹೊಟ್ಟೆ ತುಂಬಾ ತಿನ್ಲಿ."

ಪ್ರಕಾಶಕರು ಹಸ್ತಪ್ರತಿ ವಾಪಸು ಕಳಿಸಿದರು. ಯಾರೂ ಸಾಯದಿದ್ದರೆ ಓದುಗರು ಹೆದರುವುದು ಹೇಗೆ? ತಿಂಗಳೊಳಗೆ ಒಬ್ಬರನ್ನಾದರೂ ಸಾಯಿಸಿ, ಕಥೆಯನ್ನು ಚುರುಕು ಮಾಡಿದರೆ ಮಾತ್ರ ಅಚ್ಚು! ಅರವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಪುಸ್ತಕ. ಅತ್ತೆಗೆ ಆಸೆ ಇರುವುದಿಲ್ಲವೇ? ಸರಿ ಎಂದು ಒಪ್ಪಿಕೊಂಡರು.

ಗಡುವು ಹತ್ತಿರ ಬಂದಾಗ ಹೇರೋಹಳ್ಳಿ ರಸ್ತೆಯ ಗುಂಡಿಗಳನ್ನು ದಾಟಿ ಸ್ಕೂಟರಿನಲ್ಲಿ ಅತ್ತೆಯ ಮನೆಗೆ ಹೋದೆ. ಅತ್ತೆ ಒದ್ದೆ ಕೂದಲಿಗೆ ಟವೆಲ್ ಸುತ್ತಿ ಕುಳಿತಿದ್ದರು. ದೇವರಮನೆಯ ಬಾಗಿಲು ಮುಚ್ಚಿತ್ತು. ನನಗೆ ಗಾಬರಿಯಾಯಿತು.

"ಯಾರು ಹೋದ್ರು ಅತ್ತೆ?"

"ಕಿಟ್ಟಿ."

ಕಿಟ್ಟಿ ಎಂದರೆ ಕಾದಂಬರಿಯ ಹದಿಮೂರು ವರ್ಷದ ಹುಡುಗ!

"ಎದುರುಮನೆ ಸತ್ಯನಾರಾಯಣ ಪೂಜೆಗೂ ಬರಲ್ಲ ಅಂದ್ಬಿಟ್ಳು ಕಣಯ್ಯ. ಮೂರು ದಿನ ಸೂತಕವಂತೆ!" ಎಂದು ಮಾವ ಗೊಣಗಿದರು. ಕಾಗದದ ಮೇಲೆ ಸತ್ತವನಿಗೆ ಸೂತಕ ಹಿಡಿದವರನ್ನು ನೀವು ಕಂಡಿದ್ದೀರಾ?

ನಗುತ್ತಲೇ ಅಧ್ಯಾಯ ಓದಿದೆ. ಹದಿನಾಲ್ಕು ಪುಟ! ಕಿಟ್ಟಿಯ ಅಕ್ಕ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮಾತಾಡುತ್ತಲೇ ಇದ್ದಾಳೆ. ಪಾಪ, ದೆವ್ವ ಬಾಗಿಲಾಚೆ ಕಾಯುತ್ತಲೇ ಇದೆ.

"ಎರಡು ಪುಟಕ್ಕೆ ಇಳಿಸೋಣ ಅತ್ತೆ. ಅಲ್ಲಾ, ಅದ್ಯಾವ ಲೆಕ್ಕದಲ್ಲಿ ಮೂರು ದಿನ?"

"ಮದುವೆಯಾದವಳಿಗೆ ತಮ್ಮ ಹೋದ್ರೆ ಮೂರೇ ದಿನ ಕಣೋ."

ನನ್ನ ನಗು ನಿಂತಿತು. ಅತ್ತೆಗೊಬ್ಬ ತಮ್ಮನಿದ್ದನಂತೆ, ನನಗೆ ಚಿಕ್ಕಪ್ಪನಾಗಬೇಕಿದ್ದವನು. ಅವನು ಜ್ವರದಲ್ಲಿ ತೀರಿಕೊಂಡಾಗ ಅತ್ತೆ ಹಾಸ್ಟೆಲಿನಲ್ಲಿದ್ದರು. ಪರೀಕ್ಷೆ ಕೆಡುತ್ತದೆಂದು ಯಾರೂ ತಿಳಿಸಲಿಲ್ಲ. ರಜೆಗೆ ಮನೆಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

"ಈ ಸಲ ಪಕ್ಕದಲ್ಲೇ ಇದ್ದೆ," ಎಂದರು ಅತ್ತೆ. ಹಾಳೆಗಳನ್ನು ನನ್ನತ್ತ ಸರಿಸಿ, "ಆದ್ರೂ ಉದ್ದ ಆಯ್ತು ಅನ್ಸಿದ್ರೆ ಕತ್ತರಿಸು. ಪುಸ್ತಕ ಆಗ್ಬೇಕಲ್ಲ," ಎಂದರು.

ನನಗೆ ಅಳು ತಡೆಯಲಾಗಲಿಲ್ಲ. ಹದಿನಾಲ್ಕು ಪುಟಗಳನ್ನೂ ಒಂದಕ್ಷರ ಬಿಡದೆ ಟೈಪ್ ಮಾಡಿ ಕಳಿಸಿದ್ದೇನೆ. ಈ ಪ್ರಕಾಶಕರು ಬೇಡವೆಂದರೆ ಇನ್ನೊಬ್ಬರನ್ನು ಹುಡುಕಿಕೊಂಡು ನಾನೇ ಊರೆಲ್ಲ ಅಲೆಯುತ್ತೇನೆ.