ನಮ್ಮ ಕೋಣೆಯ ಬೇಸು

ಹೊಗಳಿಕೆ ಬಂದರೆ ಅದು ನಿಜವಾಗಿ ಯಾರಿಗೆ ಸಲ್ಲಬೇಕೆಂದು ವಿಚಾರಿಸುವ ಅಭ್ಯಾಸ ನನಗಿಲ್ಲ. ಬಳ್ಳಾರಿಯ ನಮ್ಮ ಬಾಡಿಗೆ ಮನೆಯ ಮಹಡಿ ಕೋಣೆಯಲ್ಲಿ ಮಂಚ, ಬೀರು, ನಾನು ಇಷ್ಟಾದರೆ ಗಾಳಿಗೂ ಜಾಗವಿಲ್ಲ. ಅಲ್ಲೇ ನನ್ನ ಸ್ಟೀರಿಯೊ, ಪುಟ್ಟ ಎರಡು ಸ್ಪೀಕರು. ಹಾಡು ಹಾಕಿದರೆ ನೆಲ ಸಣ್ಣಗೆ ನಡುಗುತ್ತಿತ್ತು. ಕುರುಗೋಡಿನಿಂದ ಬರುತ್ತಿದ್ದ ನನ್ನ ಷಡ್ಡಕ ಮಂಚದ ಮೇಲೆ ಕೈಯಿಟ್ಟು, ಬೇಸು ಅಂದರೆ, ಹಾಡಿನ ತಳದ ಗುಡುಗು ಅಂದರೆ ಹೀಗಿರಬೇಕು, ತಾಳ ಮಾತ್ರ ಆಗಾಗ ತಪ್ಪುತ್ತದೆ ಎನ್ನುತ್ತಿದ್ದ. ಹಾಡುಗಾರರ ತಪ್ಪನ್ನು ನಾನು ದೊಡ್ಡ ಮನಸ್ಸಿನಿಂದ ಕ್ಷಮಿಸುತ್ತಿದ್ದೆ.

ಕೆಳಗಿನ ಮನೆಯಲ್ಲಿ ಖಾಜಾಸಾಬರು ಆಳುಗಳನ್ನಿಟ್ಟು ಜೀನ್ಸ್ ಹೊಲಿಸುತ್ತಿದ್ದರು. ಈಚೆಗೆ ಆರ್ಡರು ನಿಂತು, ಮಿಷಿನ್‌ಗಳನ್ನು ಮಾರಿ, ಸಿರುಗುಪ್ಪದಲ್ಲಿ ಇನ್ನೊಬ್ಬರ ಅಂಗಡಿಗೆ ಹೊಲಿಯಲು ಹೋದರು. ನನಗೆ ನಿಜವಾಗಿಯೂ ಬೇಸರವಾಯಿತು. ಮನಸ್ಸು ಹಗುರಾಗಲೆಂದು ಹಾಡು ಹಾಕಿದರೆ ಅದು ಜ್ವರದಿಂದ ಎದ್ದವರ ದನಿಯಲ್ಲಿ ಬಂತು. ನೆಲದ ಮೇಲೆ ಕೈಯಿಟ್ಟೆ. ಅಲುಗಾಟವೇ ಇಲ್ಲ. ಇಷ್ಟು ವರ್ಷ ನಾನು ಮೆರೆಸಿದ ಬೇಸು ಅವರ ಮಿಷಿನ್‌ಗಳದು ಎಂದು ಹೆಂಡತಿ ಹೇಳುವ ಮೊದಲೇ ನನಗೆ ಹೊಳೆಯಿತು. ಆದರೂ ಅವಳು ಹೇಳಿದಳು.

ಮಾನ ಉಳಿಸಿಕೊಳ್ಳಲು ಬೇಸಿಗೆಂದೇ ಇರುವ ದೊಡ್ಡ ಸ್ಪೀಕರು, ಸಬ್‌ವೂಫರ್ ತಂದೆ. ಮೂಲೆಯಲ್ಲಿಟ್ಟರೆ ಬೀರುವಿನ ಬಾಗಿಲು ಗಡಗಡ, ಮಂಚದ ಕೆಳಗಿಟ್ಟರೆ ನನ್ನ ಹೊಟ್ಟೆ. ಕೊನೆಗೆ ಬಾಗಿಲ ಪಕ್ಕದಲ್ಲಿ ಅದು ಹೊಂದಿಕೊಂಡಿತು. ನೆಲ ಮೊದಲಿನಂತೆ ನಡುಗಿತು, ತಾಳವೂ ತಪ್ಪಲಿಲ್ಲ. ಆದರೆ ಸಂಜೆ ಮೆಟ್ಟಿಲ ಬುಡದಲ್ಲಿ ನಿಂತು, ಚಹಾ ಆತೇನ್ರಿ ಎಂದು ಕೇಳುತ್ತಿದ್ದ ಖಾಜಾಸಾಬರು ಯಾವ ಡಬ್ಬಿಯಲ್ಲೂ ಬರುವುದಿಲ್ಲ.

ಮೊನ್ನೆ ಖಾಜಾಸಾಬರು, ಬಿಟ್ಟುಹೋಗಿದ್ದ ಬಟ್ಟೆ ಕತ್ತರಿಸುವ ಮೇಜು ಒಯ್ಯಲು ಬಂದವರು ನಮ್ಮಲ್ಲಿಗೂ ಬಂದರು. ಹೊಸ ಸಬ್‌ವೂಫರನ್ನು ಅವರಿಗಲ್ಲದೆ ಇನ್ನಾರಿಗೆ ತೋರಿಸಲಿ? ಹಾಡು ಹಾಕಿ ಅವರ ಮುಖವನ್ನೇ ನೋಡುತ್ತ ಕೂತೆ. ಅವರು ನೆಲ ನೋಡುತ್ತಿದ್ದರು. ಕೈಯಲ್ಲಿದ್ದ ಚಹಾ ಆರಿತು.

“ಸೌಂಡ್ ಭಾಳ ಚಲೋ ಐತ್ರಿ ಸರ್,” ಎಂದರು. ಆರಿದ ಚಹಾ ಕೆಳಗಿಟ್ಟು, “ಆದ್ರ ಬಂದ್ ಮಾಡ್ರಿ. ಕೆಳಗ ಮಿಷಿನ್ ಓಡಾಕ ಹತ್ಯಾವ ಅನ್ನಿಸ್ತೈತಿ. ಎದ್ದು ಹೋಗಿ ನೋಡಬೇಕು ಅನ್ನಿಸ್ತೈತಿ.”

ಹಾಡು ನಿಲ್ಲಿಸಿದೆ. ನಾಚಿಕೆ, ಸಂಕಟ ಎರಡೂ ಒಟ್ಟಿಗೇ ಆದವು. ಇನ್ನೊಂದು ಕಪ್ ಬಿಸಿ ಚಹಾ ಕೊಡಬೇಕೆಂದು ಹೊಳೆದಾಗ ಅವರ ಮೇಜು ಹೊತ್ತ ಆಟೋ ಹೊರಟೇಹೋಗಿತ್ತು. ಮರುದಿನ ಆಫೀಸಿನಲ್ಲಿ, ಕೆಳಗಿನ ಮನೆಯವರೂ ನಮ್ಮ ಸೌಂಡು ಭಾಳ ಚಲೋ ಎಂದರು ಎಂದು ಹೇಳಿಕೊಂಡೆ. ಅವರು ಆಮೇಲೆ ಆಡಿದ ಮಾತನ್ನು ಹೇಳಲು ಮಾತ್ರ ಬಾಯಿ ಬರಲಿಲ್ಲ.